ಓದುಗರ ಪ್ರಶ್ನೆ: ರಾಯಚೂರಿನ ಬಿಸಿಲಲ್ಲಿ ಪಿಎಚ್ 7 ಎಲ್ಲಿ ಹೋಯಿತು?

ಪ್ರಶ್ನೆ: ಶುದ್ಧ ನೀರಿನ ಪಿಎಚ್ 7 ಅಂತ ಕಲಿತಿದ್ದೇವೆ. ಮೇ ತಿಂಗಳಲ್ಲಿ ಲ್ಯಾಬ್ 40 ಡಿಗ್ರಿ ಮುಟ್ಟಿದಾಗ ಅದು 6.77 ಆಗುತ್ತದೆ ಅಂತಾರೆ ನಮ್ಮ ಸರ್. ಹಾಗಾದರೆ ನೀರು ಆಮ್ಲವಾಯಿತೆ? ಬದಲಾಗುವುದನ್ನು ಸ್ಥಿರಾಂಕ ಅನ್ನುವುದಾದರೂ ಏಕೆ?
– ಪಿಯುಸಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಆಮ್ಲವಾಗಿಲ್ಲ. ಹೈಡ್ರೋಜನ್, ಹೈಡ್ರಾಕ್ಸೈಡ್ ಅಯಾನುಗಳೆರಡೂ ಸಮಸಮ ಹೆಚ್ಚಿವೆ. ತಟಸ್ಥ ಬಿಂದುವೇ ಕೆಳಗಿಳಿದಿದೆ. ಸಮತೋಲನ ಸ್ಥಿರಾಂಕ (ನೀರಿಗೆ ಇದು ಆ ಎರಡು ಅಯಾನುಗಳ ಸಾರತೆಗಳ ಗುಣಲಬ್ಧ, ಕೆಡಬ್ಲ್ಯೂ) ಸ್ಥಿರವಾಗಿರುವುದು ಒಂದು ನಿಗದಿತ ತಾಪಮಾನದಲ್ಲಿ ಮಾತ್ರ. ಸಾರತೆ ಬದಲಿಸಿ, ಕ್ರಿಯಾವರ್ಧಕ ಹಾಕಿ, ಅದು ಜಗ್ಗುವುದಿಲ್ಲ. ಬಿಸಿಗೆ ಜಗ್ಗುತ್ತದೆ. ನೀರು ಅಯಾನುಗಳಾಗಿ ಒಡೆಯುವುದು ಅಂತರುಷ್ಣಕ ಕ್ರಿಯೆ, ಮೋಲ್‌ಗೆ ಸುಮಾರು 55.8 ಕಿಲೋಜೂಲ್ ಹೀರುತ್ತದೆ. ಹಾಗಾಗಿ ಬಿಸಿಯಾದಷ್ಟೂ ಸ್ಥಿರಾಂಕ ದೊಡ್ಡದು. ಅಮೋನಿಯ ತಯಾರಿಕೆಯಂಥ ಬಹಿರುಷ್ಣಕ (ಶಾಖ ಬಿಡುವ) ಕ್ರಿಯೆಯಲ್ಲಿ ಇದು ತಿರುವುಮುರುವು.

ಲೆಕ್ಕಕ್ಕೆ ವ್ಯಾಂಟ್ ಹಾಫ್ ಸೂತ್ರ:
ಲಾನ್ (ಕೆ2/ಕೆ1) = (ಡೆಲ್ಟಾ ಎಚ್ ÷ ಆರ್) × (1/ಟಿ1 − 1/ಟಿ2)

ಇಲ್ಲಿ ಲಾನ್ ಅಂದರೆ ಸಹಜ ಲಾಗ್, ಕೆ ಸ್ಥಿರಾಂಕ, ಡೆಲ್ಟಾ ಎಚ್ ಹೀರಿದ ಶಾಖ (ಜೂಲ್‌ನಲ್ಲಿ), ಆರ್ ಅನಿಲ ಸ್ಥಿರಾಂಕ 8.314, ಟಿ ಕೆಲ್ವಿನ್ ತಾಪಮಾನ (25 ಡಿಗ್ರಿಗೆ 298, 40ಕ್ಕೆ 313). 55,800 ÷ 8.314 = 6,712. 1/298 − 1/313 = 0.0001608. ಗುಣಿಸಿದರೆ 1.079, ಅಂದರೆ ಸ್ಥಿರಾಂಕ 2.94 ಪಟ್ಟು. 25 ಡಿಗ್ರಿಯಲ್ಲಿ 14 ಇದ್ದ ಪಿಕೆಡಬ್ಲ್ಯೂ (ಕೆಡಬ್ಲ್ಯೂನ ಋಣ ಲಾಗ್) 13.53ಕ್ಕೆ ಬಂತು. ಎರಡೂ ಅಯಾನು ಸಮವಾದ್ದರಿಂದ ಪಿಎಚ್ ಅದರ ಅರ್ಧ, 6.77. ನಿಮ್ಮ ಸರ್ ಹೇಳಿದ್ದು ಸರಿ.

ಎಡವುವ ಜಾಗ ಮೂರು. ಕೆಲ್ವಿನ್ ಬದಲು ಸೆಲ್ಸಿಯಸ್ ಹಾಕಿದರೆ ಉತ್ತರ ನಲವತ್ತಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ. ಅದು ತಪ್ಪೆಂದು ತಾನೇ ಕೂಗಿ ಹೇಳುತ್ತದೆ. ಕಿಲೋಜೂಲನ್ನು ಜೂಲ್ ಮಾಡಲು ಮರೆತರೆ ಸ್ಥಿರಾಂಕ ಕದಲಿದಂತೆಯೇ ಕಾಣದು, ಇದು ಕಣ್ಣಿಗೆ ಬೀಳದ ತಪ್ಪು. ಟಿ1, ಟಿ2 ಅದಲುಬದಲಾದರೆ 7.23 ಬರುತ್ತದೆ.

ಪಿಎಚ್ ಮೀಟರ್‌ನ ತಾಪಮಾನ ಸರಿದೂಗಿಸುವ ಗುಂಡಿ ಎಲೆಕ್ಟ್ರೋಡಿನ ಇಳಿಜಾರನ್ನಷ್ಟೇ (ಒಂದು ಪಿಎಚ್ ಅಂಕಕ್ಕೆ ಬದಲಾಗುವ ವೋಲ್ಟೇಜ್: 25 ಡಿಗ್ರಿಯಲ್ಲಿ 59.2, 40ರಲ್ಲಿ 62.1 ಮಿಲಿವೋಲ್ಟ್) ತಿದ್ದುತ್ತದೆ. ನೀರನ್ನು ಮತ್ತೆ 7ಕ್ಕೆ ತಂದು ತೋರಿಸುವುದಿಲ್ಲ. ತೆರೆದಿಟ್ಟ ಡಿಸ್ಟಿಲ್ಡ್ ವಾಟರ್ 5.6ರ ಆಸುಪಾಸು ತೋರಿದರೆ ಬಿಸಿಲನ್ನು ದೂರಬೇಡಿ, ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್.

ಪ್ರಶ್ನೆ: ಸುಣ್ಣದ ಭಟ್ಟಿಯಲ್ಲಿ 800 ಡಿಗ್ರಿಗೆ ಎಷ್ಟು ಹೊತ್ತು ಸುಟ್ಟರೂ ಗಡ್ಡೆಯ ನಡುವೆ ಕಲ್ಲು ಹಸಿಯಾಗೇ ಉಳಿಯುತ್ತದೆ. ಇನ್ನೂ ಒಂದು ದಿನ ಬಿಡಬೇಕೆ?
– ಓದುಗರು, ಕೊಪ್ಪಳ

ಉತ್ತರ: ಹೊತ್ತು ಕೂಡಿಸಿದರೆ ಸಾಲದು. ಸುಣ್ಣದ ಕಲ್ಲು ಬಿಸಿಗೆ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಈ ಕ್ರಿಯೆಯಲ್ಲಿ ಸಮತೋಲನ ಸ್ಥಿರಾಂಕವೆಂದರೆ ಕಾರ್ಬನ್ ಡೈಆಕ್ಸೈಡಿನ ಒತ್ತಡವೇ. 800 ಡಿಗ್ರಿಯಲ್ಲಿ ಅದು ಸುಮಾರು 0.22 ವಾಯುಭಾರ. ಕಲ್ಲಿನ ಸುತ್ತ ಆ ಅನಿಲದ ಒತ್ತಡ ಅದಕ್ಕಿಂತ ಹೆಚ್ಚಾದರೆ ಕ್ರಿಯೆ ನಿಲ್ಲುತ್ತದೆ, ಸುಟ್ಟ ಸುಣ್ಣ ಮರಳಿ ಕಲ್ಲಾಗಲೂಬಹುದು. 900ರ ಹತ್ತಿರ ಆ ಒತ್ತಡ 1 ವಾಯುಭಾರ ಮುಟ್ಟಿ, ಗಡ್ಡೆಯೊಳಗಿನ ಅನಿಲ ತಾನೇ ಹೊರನುಗ್ಗುತ್ತದೆ. ಗಡ್ಡೆಯ ನಡುವಿಗೂ ಅಷ್ಟು ಬಿಸಿ ತಲುಪಬೇಕು. ಕಲ್ಲು ಒಂದೇ ಗಾತ್ರಕ್ಕೆ ಒಡೆಯಿರಿ, ಗಾಳಿ ಓಡಾಡಲು ಬಿಡಿ. ಉರಿ ಅತಿಯಾದರೆ ಸುಣ್ಣ ಬಿಗಿದುಕೊಂಡು, ನೀರು ಹಾಕಿದಾಗ ಬೇಗ ಅರಳುವುದಿಲ್ಲ. ಗಾರೆ ಬಳಿದ ಮೇಲೆ ಅರಳಿ ಗೋಡೆ ಉಬ್ಬಿಸುತ್ತದೆ.

ತಕ್ಕಡಿ ಸಾಕು ಪರೀಕ್ಷೆಗೆ. ಒಣಗಿದ ಶುದ್ಧ ಕಲ್ಲು 10 ಕಿಲೋ ಪೂರ್ತಿ ಸುಟ್ಟರೆ 5.6 ಕಿಲೋ ಆಗಬೇಕು. 7 ಕಿಲೋ ಉಳಿದಿದ್ದರೆ ಮೂರರಲ್ಲೊಂದು ಪಾಲು ಕಲ್ಲು ಹಾಗೇ ಇದೆ.