ಬುದ್ಧಿ ಹೇಳೋದನ್ನು ಕಲಿಯೋಕೆ ಯೂನಿವರ್ಸಿಟಿ ಬೇಕಾ?

ಪ್ರಶ್ನೆ: ನಾನು ಪದವಿಗೆ ಸೇರುವ ತಯಾರಿಯಲ್ಲಿದ್ದೇನೆ. ಚಿಕ್ಕಂದಿನಿಂದಲೂ ಗೆಳತಿಯರು ಏನೇ ಕಷ್ಟ ಬಂದರೂ ನನ್ನ ಹತ್ತಿರವೇ ಹೇಳಿಕೊಳ್ಳುತ್ತಾರೆ. ಹಾಗಾಗಿ ಗೈಡೆನ್ಸ್ ಅಂಡ್ ಕೌನ್ಸೆಲಿಂಗ್ ಓದಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ ‘ಬುದ್ಧಿ ಹೇಳೋದನ್ನು ಕಲಿಯೋಕೆ ಯೂನಿವರ್ಸಿಟಿ ಬೇಕಾ? ಓದೋದಾದ್ರೆ ಸೈಕಾಲಜಿ ಓದು’ ಅನ್ನುತ್ತಾರೆ. ಈ ಕೋರ್ಸಿನಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಸೇರುವ ಮುಂಚೆ ಏನೇನು ನೋಡಬೇಕು?

ಉತ್ತರ: ಬುದ್ಧಿ ಹೇಳುವುದನ್ನು ಯಾರೂ ಕಲಿಯಬೇಕಿಲ್ಲ, ಅದು ಎಲ್ಲರಿಗೂ ಬರುತ್ತದೆ. ಅಷ್ಟರಮಟ್ಟಿಗೆ ನಿಮ್ಮ ಮನೆಯವರು ಹೇಳುವುದು ಸರಿ. ಆದರೆ ನಾಲಿಗೆ ತುದಿಗೆ ಬಂದ ಬುದ್ಧಿಮಾತನ್ನು ತಡೆದುಕೊಂಡು, ಎದುರಿಗಿರುವವರು ಏನು ಹೇಳುತ್ತಿದ್ದಾರೆ ಅಂತ ಪೂರ್ತಿ ಕೇಳುವುದಿದೆಯಲ್ಲ, ಅದು ಬಹಳ ಜನರಿಗೆ ಬರುವುದಿಲ್ಲ. ಈ ಓದಿನ ದೊಡ್ಡ ಪಾಲು ಹೋಗುವುದು ಅದಕ್ಕೇ.

ನಾನು ಪಾಠ ಮಾಡುವ ಪ್ರಾಕ್ಟಿಕಲ್ ತರಗತಿಯನ್ನೇ ತೋರಿಸುತ್ತೇನೆ, ವಿವರಗಳನ್ನು ಬದಲಿಸಿ. ಇಬ್ಬರು ವಿದ್ಯಾರ್ಥಿಗಳು ಎದುರುಬದುರು ಕೂರುತ್ತಾರೆ. ಒಬ್ಬರು ತಮ್ಮದೇ ಒಂದು ಸಣ್ಣ ಚಿಂತೆ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಹತ್ತು ನಿಮಿಷ. ಎಲ್ಲ ರೆಕಾರ್ಡ್ ಆಗುತ್ತದೆ. ಕೇಳಿಸಿಕೊಂಡವರು ಆಮೇಲೆ ಅದನ್ನು ಅಕ್ಷರಕ್ಕೆ ಅಕ್ಷರ ಬರೆದು ತರಬೇಕು. ‘ಹೂಂ’ ಅಂದಿದ್ದರೆ ಅದೂ ಹಾಳೆಯಲ್ಲಿರಬೇಕು. ಸುಮ್ಮನಿದ್ದರೆ ಎಷ್ಟು ಸೆಕೆಂಡ್ ಅಂತ ಬರೆಯಬೇಕು. ಒಮ್ಮೆ ಒಬ್ಬ ಹುಡುಗ, ‘ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ’ ಅಂದ. ಕೇಳುತ್ತಿದ್ದ ಹುಡುಗಿ ಆ ಕ್ಷಣವೇ ‘ನೀನೇ ಮೊದಲು ಒಂದ್ಸಲ ಫೋನ್ ಮಾಡಿ ನೋಡು’ ಅಂದಳು. ತಪ್ಪು ಸಲಹೆ ಏನಲ್ಲ, ಅಲ್ವಾ? ಆದರೆ ಬರೆದು ತಂದ ಹಾಳೆಯಲ್ಲಿ ಅಲ್ಲಿಂದ ಮುಂದೆ ಅವನ ಮಾತು ‘ಹೂಂ’, ‘ಮಾಡಬೇಕು’, ‘ನೋಡೋಣ’ ಇಷ್ಟೇ. ಆ ಸಾಲಿನ ಕೆಳಗೆ ಅವಳೇ ಪೆನ್ಸಿಲಿನಿಂದ ಗೆರೆ ಎಳೆದು ತಂದಿದ್ದಳು. ನಾನು ಏನೂ ಹೇಳಬೇಕಾಗಲಿಲ್ಲ.

ಮುಂದಿನ ವಾರ ಅದೇ ಜೋಡಿ ಮತ್ತೆ ಕೂತಿತು. ಈ ಸಲ ಅವಳು, ‘ಅಣ್ಣ ಮಾತಾಡಲ್ಲ ಅನ್ನೋದು ತುಂಬ ಕಾಡ್ತಿದೆ ನಿನಗೆ’ ಅಂದು ಸುಮ್ಮನಾದಳು. ಹಾಳೆಯಲ್ಲಿ ‘ಮೌನ, 11 ಸೆಕೆಂಡ್’ ಅಂತ ಇದೆ. ಅದರ ಕೆಳಗೆ ಅವನ ಮಾತು: ‘ತಪ್ಪು ನನ್ನದೇ. ಇನ್ನೂ ಯಾರಿಗೂ ಹೇಳಿಲ್ಲ.’

ಆ 11 ಸೆಕೆಂಡ್ ತಡೆದುಕೊಳ್ಳಲು ಅವಳಿಗೆ ಎಷ್ಟು ಕಷ್ಟವಾಯಿತು ಅಂತ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ.

ರೆಕಾರ್ಡ್ ಮಾಡಿ ಕಲಿಸುವ ಈ ಪದ್ಧತಿಗೂ ಒಂದು ಹಿನ್ನೆಲೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕೌನ್ಸೆಲಿಂಗ್ ಮಾತುಕತೆಗಳನ್ನು ರೆಕಾರ್ಡ್ ಮಾಡಿಸಿ, 1942ರಲ್ಲಿ ಒಬ್ಬ ವ್ಯಕ್ತಿಯ ಜೊತೆಗಿನ ಭೇಟಿಗಳನ್ನೆಲ್ಲ ಹೇಗಿತ್ತೋ ಹಾಗೇ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಆ ಕೋಣೆಯೊಳಗೆ ಏನಾಗುತ್ತದೆ ಅನ್ನುವುದು ಹೆಚ್ಚಾಗಿ ಕೌನ್ಸೆಲರ್ ನೆನಪಿನಿಂದ ಹೇಳಿದಷ್ಟೇ ಹೊರಗೆ ಬರುತ್ತಿತ್ತು. 1957ರಲ್ಲಿ ಅವರು ಮುಂದಿಟ್ಟ ಮಾತುಗಳು ಇವತ್ತಿಗೂ ಬಹಳ ಕಡೆ ಆರಂಭದ ಪಾಠ: ಎದುರಿನವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳಬೇಕು, ಷರತ್ತು ಹಾಕದೆ ಅವರನ್ನು ಗೌರವಿಸಬೇಕು, ಒಳಗೊಂದು ಹೊರಗೊಂದು ಇಲ್ಲದೆ ನಡೆದುಕೊಳ್ಳಬೇಕು.

ಹೆಸರಿನಲ್ಲಿರುವ ‘ಗೈಡೆನ್ಸ್’ ಇದಕ್ಕಿಂತ ಹಳೆಯದು. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಬಾಸ್ಟನ್ನಿನಲ್ಲಿ, ಯಾವ ಕೆಲಸಕ್ಕೆ ಸೇರಬೇಕು ಅಂತ ತೋಚದ ಹುಡುಗ ಹುಡುಗಿಯರಿಗಾಗಿ ಒಂದು ಕೇಂದ್ರ ತೆರೆದರು. ನಿನ್ನನ್ನು ನೀನು ತಿಳಿದುಕೋ, ಕೆಲಸಗಳ ಬಗ್ಗೆ ತಿಳಿದುಕೋ, ಆಮೇಲೆ ಎರಡನ್ನೂ ಹೊಂದಿಸಿ ಯೋಚಿಸು ಅನ್ನುವುದು ಅವರ ದಾರಿ. ಇಂದಿನ ಕರಿಯರ್ ಗೈಡೆನ್ಸ್ ತರಗತಿ ಈಗಲೂ ಈ ಮೂರರ ಮೇಲೇ ನಿಂತಿದೆ. ಇದರ ಜೊತೆಗೆ ಮಕ್ಕಳ ಬೆಳವಣಿಗೆ, ಕಲಿಕೆಯ ತೊಂದರೆಗಳು, ಗುಂಪು ಕೌನ್ಸೆಲಿಂಗ್, ಪರೀಕ್ಷೆ-ಮಾಪನ, ವೃತ್ತಿನೀತಿ ಇವೆಲ್ಲ ಇರುತ್ತವೆ.

ವೃತ್ತಿನೀತಿಯ ಪಾಠ ಒಣ ಪಾಠ ಅಂದುಕೊಳ್ಳಬೇಡಿ. ನನ್ನ ಮಟ್ಟಿಗೆ ಅದೇ ಅತಿ ಭಾರವಾದದ್ದು. ಬಂದವರು ಹೇಳಿದ್ದನ್ನು ಗುಟ್ಟಾಗಿ ಇಡಬೇಕು. ಆದರೆ ಅವರ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಸುಮ್ಮನಿರುವಂತಿಲ್ಲ. ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಟ್ಟು ಆಮೇಲೆ ಮುರಿಯಬಾರದು. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳುವುದನ್ನೂ ಕಲಿಸುತ್ತೇವೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೇಳಿದಾಗ ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ. ತರಗತಿಯಲ್ಲಿ ಒಬ್ಬೊಬ್ಬರೂ ಎದುರಿನವರ ಮುಖ ನೋಡಿಕೊಂಡು ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ಬಾಯಿಬಿಟ್ಟು ಕೇಳಬೇಕು. ಮೊದಲ ದಿನ ಧ್ವನಿ ನಡುಗದವರನ್ನು ನಾನು ಕಂಡಿಲ್ಲ. ಹೌದು ಅನ್ನುವ ಉತ್ತರ ಬಂದರೆ ಯಾರನ್ನು ಕರೆಯಬೇಕು, ಅವರನ್ನು ಒಬ್ಬರೇ ಬಿಡದೆ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನೂ ಅಲ್ಲೇ ಹೇಳಿಕೊಡುತ್ತೇವೆ.

ಸೈಕಾಲಜಿ ವಿಷಯಕ್ಕೆ ಬರೋಣ. ಅದು ದೊಡ್ಡ ವಿಜ್ಞಾನ. ನೆನಪು, ಮೆದುಳು, ಸಮಾಜ, ಪ್ರಯೋಗಾಲಯ ಎಲ್ಲ ಅದರೊಳಗಿದೆ. ಮೂರ್ನಾಲ್ಕು ವರ್ಷ ಓದಿ ಪದವಿ ಪಡೆದರೂ ಒಬ್ಬರ ಎದುರು ಕೂತು ಮಾತಾಡುವ ತರಬೇತಿ ಅದರಲ್ಲಿ ಸಿಗದೇ ಇರಬಹುದು. ನಮ್ಮ ಕೋರ್ಸು ಅದಕ್ಕಿಂತ ಕಿರಿದು, ಕೆಲಸಕ್ಕೆ ಹತ್ತಿರ. ಸೈಕಾಲಜಿಯಲ್ಲಿ ಪದವಿ ಮಾಡಿ, ಸ್ನಾತಕೋತ್ತರದಲ್ಲಿ ಕೌನ್ಸೆಲಿಂಗ್ ತೆಗೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅದೂ ಒಳ್ಳೆಯ ದಾರಿಯೇ, ಮನೆಯವರಿಗೆ ಇಷ್ಟು ಹೇಳಿ ನೋಡಿ. ಒಂದು ಎಚ್ಚರಿಕೆ: ಸ್ವತಂತ್ರವಾಗಿ ಕೌನ್ಸೆಲರ್ ಆಗಿ ಕೆಲಸ ಮಾಡಲು ಬಹಳ ಕಡೆ ಬರೀ ಪದವಿ ಸಾಲುವುದಿಲ್ಲ, ಸ್ನಾತಕೋತ್ತರ ಕೇಳುತ್ತಾರೆ. ನೀವು ಕೆಲಸ ಮಾಡಬೇಕೆಂದಿರುವ ಕಡೆಯ ನಿಯಮವನ್ನು ಸೇರುವ ಮೊದಲೇ ವಿಚಾರಿಸಿ.

ಕೋರ್ಸ್ ಆರಿಸುವಾಗ ನಾನಾಗಿದ್ದರೆ ಕಟ್ಟಡ, ಹೆಸರು ಯಾವುದನ್ನೂ ಮೊದಲು ನೋಡುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಓದು ಮುಗಿಯುವಷ್ಟರಲ್ಲಿ ನಾನು ನಿಜವಾದ ಜನರ ಎದುರು ಎಷ್ಟು ಗಂಟೆ ಕೂತಿರುತ್ತೇನೆ, ಆ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ? ಅಂದಾಜಿಗೆ ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ ಸ್ನಾತಕೋತ್ತರ ವಿದ್ಯಾರ್ಥಿಗೆ ಮೊದಲು 100 ಗಂಟೆಯ ಪ್ರಾಕ್ಟಿಕಮ್ (ಹಿರಿಯರ ಉಸ್ತುವಾರಿಯಲ್ಲಿ ಮಾಡುವ ಅಭ್ಯಾಸ), ಅದರಲ್ಲಿ ಕನಿಷ್ಠ 40 ಗಂಟೆ ನೇರ ಕೌನ್ಸೆಲಿಂಗ್ ಇರಬೇಕು ಅನ್ನುತ್ತದೆ. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರ ಕೆಲಸ. ಪದವಿ ಹಂತದಲ್ಲಿ ಇಷ್ಟು ಇರುವುದಿಲ್ಲ. ಆದರೂ ಒಂದು ಗಂಟೆಯೂ ಇಲ್ಲದ ಕೋರ್ಸಿಗೆ, ಎಲ್ಲವೂ ವಿಡಿಯೊ ಪಾಠದಲ್ಲೇ ಮುಗಿದುಹೋಗುವ ಕೋರ್ಸಿಗೆ ಸೇರಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ, ಯಾಕೆಂದರೆ ನಷ್ಟ ನಿಮ್ಮೊಬ್ಬರದೇ ಅಲ್ಲ. ಮುಂದೆ ನಿಮ್ಮ ಎದುರು ಬಂದು ಕೂರುವವರದೂ ಹೌದು.

ಕೊನೆಗೆ ಗೆಳತಿಯರ ವಿಷಯ. ಅವರು ನಿಮ್ಮ ಹತ್ತಿರ ಬರುತ್ತಾರೆ ಅಂದರೆ ನಿಮ್ಮಲ್ಲಿ ಏನೋ ಇದೆ, ಅದನ್ನು ಕಡಿಮೆ ಅಂದುಕೊಳ್ಳಬೇಡಿ. ಆದರೆ ಓದು ಮುಗಿದ ಮೇಲೆ ಅವರಿಗೆ ನೀವು ಕೌನ್ಸೆಲರ್ ಆಗುವಂತಿಲ್ಲ. ಸ್ನೇಹಿತರು, ನೆಂಟರಿಗೆ ಕೌನ್ಸೆಲಿಂಗ್ ಮಾಡಬಾರದು ಅನ್ನುವುದು ಈ ವೃತ್ತಿಯ ನಿಯಮ. ಅವರ ಪಾಲಿಗೆ ನೀವು ಗೆಳತಿಯಾಗಿಯೇ ಉಳಿಯಿರಿ.

ಪ್ರಶ್ನೆ: ಕೌನ್ಸೆಲಿಂಗ್ ಕೋರ್ಸಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಇದೆಯಂತೆ. ನನಗೆ ಗಣಿತ ಅಂದರೆ ಭಯ. ಜನರ ಜೊತೆ ಮಾತಾಡೋಕೆ ಅದು ಯಾಕೆ ಬೇಕು?

ಉತ್ತರ: ಒಂದು ಉದಾಹರಣೆ ಸಾಕು. ಮಗುವಿನ ಓದಿನ ಪರೀಕ್ಷೆಯ ವರದಿಯಲ್ಲಿ ‘ಪರ್ಸೆಂಟೈಲ್ 40’ ಅಂತ ಇದೆ. ಅಪ್ಪ ಅದನ್ನು ನೂರಕ್ಕೆ ನಲವತ್ತು ಅಂತ ಓದಿ, ಮಗು ದಡ್ಡ ಅಂತ ತೀರ್ಮಾನಿಸಿ ಬಿಟ್ಟಿದ್ದಾರೆ. ಅದರ ಅರ್ಥ ಬೇರೆ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಈ ಮಗು ಸುಮಾರು ನಲವತ್ತು ಮಕ್ಕಳಿಗಿಂತ ಮುಂದಿದೆ. ಅಂದರೆ ನಡುಮಧ್ಯದ ಹತ್ತಿರವೇ. ಅಪ್ಪನಿಗೆ ಇದನ್ನು ಬಿಡಿಸಿ ಹೇಳುವವರು ನೀವು, ನಿಮಗೇ ಗೊತ್ತಿಲ್ಲದಿದ್ದರೆ ಆ ಮಗುವಿನ ಗತಿ? ಹಾಗೇ, ಐಕ್ಯೂ 98 ಬಂದ ಮಗುವಿಗೂ 102 ಬಂದ ಮಗುವಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಪರೀಕ್ಷೆಯ ಅಳತೆಯಲ್ಲೇ ಅಷ್ಟು ಏರುಪೇರು ಇರುತ್ತದೆ. ಬೇಕಾದ ಗಣಿತ ಸರಾಸರಿ, ಶೇಕಡಾವಾರು, ಗ್ರಾಫ್ ಓದುವುದರ ಮೇಲೆ ಕಟ್ಟಿದ್ದು. ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ, ಅರ್ಥ ನೀವು ಹೇಳಬೇಕು. ಭಯ ಬಿಡಿ.

ಪ್ರಶ್ನೆ: ಮೂರು ವರ್ಷದ ಹಿಂದೆ ನನಗೆ ಖಿನ್ನತೆ ಇತ್ತು. ಕೌನ್ಸೆಲರ್ ಒಬ್ಬರಿಂದ ಚೇತರಿಸಿಕೊಂಡೆ. ಅವರಂತೆ ಆಗಬೇಕು ಅಂತ ಆಸೆ. ನನ್ನಂಥವರು ಈ ಕೋರ್ಸ್ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಈ ವೃತ್ತಿಯಲ್ಲಿ ನಿಮ್ಮ ಥರ ಬಂದವರು ಇದ್ದಾರೆ, ತುಂಬ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಆದರೆ ಒಂದು ವಿಷಯ ಮನಸ್ಸಿನಲ್ಲಿರಲಿ. ತರಗತಿಯಲ್ಲಿ, ಆಮೇಲೆ ಕೆಲಸದಲ್ಲಿ, ನಿಮ್ಮದೇ ಕಥೆಯಂಥ ಕಥೆ ಒಂದು ದಿನ ಎದುರಿಗೆ ಬಂದು ಕೂರುತ್ತದೆ. ಆಗ ಅವರದು ಯಾವುದು, ನಿಮ್ಮದು ಯಾವುದು ಅಂತ ಬೇರೆ ಮಾಡಲು ಆಗಬೇಕು. ‘ನನಗೂ ಹೀಗೇ ಆಗಿತ್ತು, ನಾನು ಹೀಗೆ ಮಾಡಿದೆ’ ಅಂತ ಶುರು ಮಾಡಿದರೆ ಅವರ ಸಮಯದಲ್ಲಿ ನಿಮ್ಮ ಕಥೆ ನಡೆಯುತ್ತದೆ. ಇದಕ್ಕೇ ಕೆಲವು ಕೋರ್ಸುಗಳಲ್ಲಿ ವಿದ್ಯಾರ್ಥಿಗಳೂ ಕೌನ್ಸೆಲಿಂಗ್ ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ ಇದೆ. ನಿಮ್ಮ ಕೋರ್ಸಿನಲ್ಲಿ ಇಲ್ಲದಿದ್ದರೂ ನೀವಾಗಿಯೇ ತೆಗೆದುಕೊಳ್ಳಿ.

ಪ್ರವೇಶದ ಸಂದರ್ಶನದಲ್ಲಿ ‘ಈ ಕೋರ್ಸ್ ಯಾಕೆ?’ ಅಂತ ಕೇಳಿದರೆ ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. ‘ಕಷ್ಟದ ಕಾಲದಲ್ಲಿ ಒಬ್ಬರು ನನ್ನ ಮಾತು ಕೇಳಿದರು, ಆ ಕೆಲಸ ಕಲಿಯಬೇಕು’ ಅಂದರೆ ಸಾಕು. ಸೇರಿದ ಮೇಲೆ, ನಿಮ್ಮ ಕೆಲಸ ನೋಡಿ ತಿದ್ದುವ, ನಂಬಿಕೆ ಬಂದ ಸೂಪರ್‌ವೈಸರ್ ಒಬ್ಬರಿಗೆ ಮಾತ್ರ ವಿಷಯ ತಿಳಿದಿರಲಿ. ಯಾವುದಾದರೂ ದಿನ ಒಂದು ಮಾತುಕತೆ ತೀರಾ ಭಾರವಾಗಿ ಕಂಡರೆ, ಅವತ್ತೇ ಅವರ ಬಾಗಿಲು ತಟ್ಟಿ.