ಉಪ್ಪುನೀರಿನ ಈಜುಕೊಳ: ಸೆಲ್ ಬದಲಿಸುವ ಮುನ್ನ

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ 80,000 ಲೀಟರ್ ಈಜುಕೊಳಕ್ಕೆ ನಾಲ್ಕು ವರ್ಷಗಳ ಹಿಂದೆ ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವನ್ನು ಅಳವಡಿಸಿದ್ದೇವೆ. ತುಂಬುವುದು ಕೊಳವೆಬಾವಿಯ ನೀರು. ಎರಡು ತಿಂಗಳಿಂದ ‘ಉಪ್ಪು ಕಡಿಮೆ’ ಎಂಬ ದೀಪ ಉರಿಯುತ್ತಿದ್ದು, ಎರಡು ಸಲ ಉಪ್ಪು ಹಾಕಿದರೂ ಆರಲಿಲ್ಲ. ನೀರು ಹಸಿರಾಗುತ್ತಿದೆ. ಯಂತ್ರದ ಸೆಲ್ (ವಿದ್ಯುತ್ ಹರಿಸಿ ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಫಲಕಗಳ ಭಾಗ) ಮುಗಿದಿದೆ, ಹೊಸದು ಹಾಕಬೇಕು ಎನ್ನುತ್ತಾರೆ ನಿರ್ವಹಣೆಯವರು. ಸೆಲ್ ಬದಲಿಸಲೇಬೇಕೆ?
– ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ದಯವಿಟ್ಟು ಮೂರನೆಯ ಸಲ ಉಪ್ಪು ಹಾಕಬೇಡಿ. ಹಲವು ಯಂತ್ರಗಳು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ; ಸೆಲ್‌ನ ಫಲಕಗಳ ನಡುವೆ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂಬುದರಿಂದ ಲವಣಾಂಶವನ್ನು ಅಂದಾಜಿಸುತ್ತವೆ. ಫಲಕಗಳ ಮೇಲೆ ಸುಣ್ಣದ ಪದರ ಕಟ್ಟಿದ್ದರೂ, ಅವುಗಳ ಲೇಪನ ಸವೆದಿದ್ದರೂ ವಿದ್ಯುತ್ ಕಡಿಮೆ ಹರಿಯುತ್ತದೆ, ಯಂತ್ರವು ಅದನ್ನೇ ಉಪ್ಪಿನ ಕೊರತೆ ಎಂದು ತೋರಿಸುತ್ತದೆ. ಆದ್ದರಿಂದ ಮೊದಲು ಲವಣಾಂಶವನ್ನು ಪರೀಕ್ಷಾ ಪಟ್ಟಿಯಿಂದಲೋ ಪ್ರತ್ಯೇಕ ಮೀಟರಿನಿಂದಲೋ ಅಳೆಯಿರಿ. ಹೆಚ್ಚಿನ ಯಂತ್ರಗಳಿಗೆ 3,200 ಪಿಪಿಎಂ ಆಸುಪಾಸು, ಅಂದರೆ ಲೀಟರಿಗೆ ಸುಮಾರು 3.2 ಗ್ರಾಂ ಸಾಕು. ನಿಮ್ಮ ಕೊಳಕ್ಕೆ ಒಟ್ಟು 256 ಕೆ.ಜಿ. ಆಗುತ್ತದೆ. ಅಳತೆ 4,000 ಬಂದು, ಅದನ್ನು 3,200ಕ್ಕೆ ಇಳಿಸಬೇಕಿದ್ದರೆ, ಐದನೆಯ ಒಂದು ಭಾಗ ನೀರನ್ನು, ಅಂದರೆ 16,000 ಲೀಟರನ್ನು ಹೊರಬಿಟ್ಟು ಹೊಸ ನೀರು ತುಂಬುವುದಲ್ಲದೆ ಬೇರೆ ದಾರಿಯಿಲ್ಲ. ಬೆಂಗಳೂರಿನಲ್ಲಿ ಅಷ್ಟು ನೀರನ್ನು ಚರಂಡಿಗೆ ಬಿಡುವ ನೋವು ನಿಮಗೆ ತಿಳಿದೇ ಇದೆ.

ಲವಣಾಂಶ ಸರಿಯಿದ್ದರೆ, ಮುಖ್ಯ ಸ್ವಿಚ್ಚು ಮತ್ತು ಪಂಪು ಎರಡನ್ನೂ ನಿಲ್ಲಿಸಿ ಸೆಲ್ ಬಿಚ್ಚಿ ನೋಡಿ. ವಿದ್ಯುದ್ವಿಭಜನೆಯಲ್ಲಿ ಋಣಫಲಕದ ಬಳಿ ನೀರು ಕ್ಷಾರವಾಗುವುದರಿಂದ, ಗಡಸು ನೀರಿನ ಕ್ಯಾಲ್ಸಿಯಂ ಅಲ್ಲೇ ಬಿಳಿ ಪೊರೆಯಾಗಿ ಕೂರುತ್ತದೆ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಇದರ ಸಂಭವವೇ ಹೆಚ್ಚು. ಪೊರೆ ಕಂಡರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಬೆರೆಸಿ, ನೊರೆ ನಿಲ್ಲುವವರೆಗೆ ಹತ್ತು ಹದಿನೈದು ನಿಮಿಷ ನೆನೆಸಿ ತೊಳೆಯಿರಿ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ ಈ ಕೆಲಸ ಮಾಡಿಸಿ. ಫಲಕಗಳನ್ನು ಚಾಕು, ಸ್ಕ್ರೂಡ್ರೈವರುಗಳಿಂದ ಕೆರೆಯಲೇಬಾರದು. ಟೈಟಾನಿಯಂ ಮೇಲಿನ ರುಥೇನಿಯಂ ಅಥವಾ ಇರಿಡಿಯಂ ಆಕ್ಸೈಡ್ ಲೇಪನವೇ ಸೆಲ್‌ನ ಜೀವ, ಪ್ರತಿ ಆಮ್ಲಸ್ನಾನವೂ ಅದನ್ನು ಸ್ವಲ್ಪ ಸವೆಸುತ್ತದೆ. ಹೀಗಾಗಿ ಪೊರೆಯೇ ಇಲ್ಲದ ಸೆಲ್ಲನ್ನು ‘ತಿಂಗಳಿಗೊಮ್ಮೆ’ ಎಂಬ ಲೆಕ್ಕದಲ್ಲಿ ಆಮ್ಲದಲ್ಲಿ ಅದ್ದುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಈ ಯಂತ್ರದಿಂದ ಪಿಎಚ್ ಸದಾ ಏರುತ್ತಲೇ ಇರುತ್ತದೆ, ಅದನ್ನು 7.2ರಿಂದ 7.6ರೊಳಗೆ ಹಿಡಿದಿಟ್ಟರೆ ಪೊರೆಯೇ ನಿಧಾನವಾಗಿ ಕಟ್ಟುತ್ತದೆ.

ಉಪ್ಪು ಸರಿಯಿದ್ದು, ಫಲಕಗಳು ಶುಚಿಯಾಗಿದ್ದು, ಯಂತ್ರವನ್ನು ಪೂರ್ಣ ಪ್ರಮಾಣದಲ್ಲಿ ಓಡಿಸಿದಾಗಲೂ ಕೊಳಕ್ಕೆ ಮರಳುವ ನೀರಿನ ಕ್ಲೋರಿನ್, ಕೊಳದ ನೀರಿಗಿಂತ ಹೆಚ್ಚಿರದಿದ್ದರೆ ನಿರ್ವಹಣೆಯವರ ಮಾತು ಬಹುಮಟ್ಟಿಗೆ ನಿಜ. ಸೆಲ್‌ನ ಆಯುಸ್ಸನ್ನು ವರ್ಷಗಳಲ್ಲಿ ಅಲ್ಲ, ದುಡಿದ ಗಂಟೆಗಳಲ್ಲಿ ಎಣಿಸಬೇಕು. ಸುಮಾರು 10,000 ಗಂಟೆ ಎಂದಿಟ್ಟುಕೊಂಡರೆ, ದಿನಕ್ಕೆ ಎಂಟು ಗಂಟೆಯಂತೆ ಮೂರೂವರೆ ವರ್ಷವಾಗುವುದರೊಳಗೇ ಅದು ಮುಗಿಯುತ್ತದೆ.

ಹೊಸದನ್ನು ಕೊಳ್ಳುವಾಗ, ನಿಯಂತ್ರಣ ಪೆಟ್ಟಿಗೆ ಸುಸ್ಥಿತಿಯಲ್ಲಿದ್ದರೆ ಅದಕ್ಕೆ ಹೊಂದುವ ಸೆಲ್ ಮಾತ್ರ ಸಾಕು. ಪೆಟ್ಟಿಗೆಯೂ ಕೆಟ್ಟಿದ್ದರೆ, ಕೊಳದ ಗಾತ್ರಕ್ಕಿಂತ ಒಂದೂವರೆ ಪಟ್ಟು ಸಾಮರ್ಥ್ಯದ ಯಂತ್ರವನ್ನು ಆರಿಸಿ. ಅದು ದಿನಕ್ಕೆ ಕಡಿಮೆ ಹೊತ್ತು ದುಡಿದು ಹೆಚ್ಚು ವರ್ಷ ಬಾಳುತ್ತದೆ. ಸೆಲ್ ಫಿಲ್ಟರಿನ ನಂತರ, ನೀರು ಕೊಳಕ್ಕೆ ಮರಳುವ ಕೊಳವೆಯಲ್ಲಿ ಕೊನೆಯದಾಗಿರಲಿ. ನೀರಿನ ಹರಿವನ್ನು ಗುರುತಿಸುವ ಸ್ವಿಚ್ಚನ್ನು ಯಾರೂ ತಪ್ಪಿಸಿ ಜೋಡಿಸದಂತೆ ನೋಡಿಕೊಳ್ಳಿ. ಹರಿವಿಲ್ಲದೆ ಸೆಲ್ ಓಡಿದರೆ ಒಳಗೆ ಹೈಡ್ರೋಜನ್ ತುಂಬಿ ಸ್ಫೋಟವಾಗಬಹುದು.

ಈಗಿನ ಹಸಿರನ್ನು ಹೊಸ ಸೆಲ್ ಒಂದೇ ತೆಗೆಯಲಾರದು. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಹಾಕಿ ಪಾಚಿಯನ್ನು ಕೊಲ್ಲಿಸಿ, ಫಿಲ್ಟರನ್ನು ನೀರು ಹಿಮ್ಮುಖವಾಗಿ ಹರಿಸಿ ಬ್ಯಾಕ್‌ವಾಶ್ ಮಾಡಿಸಿ. ಕೊಳದ ತಳ ಸ್ಪಷ್ಟವಾಗಿ ಕಂಡು, ಕ್ಲೋರಿನ್ 1ರಿಂದ 3 ಪಿಪಿಎಂಗೆ ಬಂದು ನಿಲ್ಲುವವರೆಗೆ ಮಕ್ಕಳನ್ನು ನೀರಿಗಿಳಿಸಬೇಡಿ.