ಥೈರಾಯ್ಡ್ ಮಾತ್ರೆಯಿಂದಲೇ ಸುಸ್ತು ಹೆಚ್ಚಾಯಿತೇ?

ಪ್ರಶ್ನೆ: ನನಗೆ 34 ವರ್ಷ. 6 ವರ್ಷದ ಹಿಂದೆ ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, 4 ಬಾಟಲಿ ರಕ್ತ ಕೊಟ್ಟರು. ಎದೆಹಾಲು ಬರಲೇ ಇಲ್ಲ, ಆಮೇಲೆ ಮುಟ್ಟೂ ಆಗಿಲ್ಲ. ಸದಾ ಸುಸ್ತು, ಚಳಿ. ಟಿ4 (ಥೈರಾಯ್ಡ್ ಹಾರ್ಮೋನ್) ಕಡಿಮೆ, ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಹಚ್ಚುವ ಹಾರ್ಮೋನ್) ನಾರ್ಮಲ್ ಎಂದು ಥೈರಾಯ್ಡ್ ಮಾತ್ರೆ ಕೊಟ್ಟರು. ಅದಾದ ಮೇಲೆ ವಾಂತಿ, ತಲೆಸುತ್ತು ಬಂದು ಬಿಟ್ಟುಬಿಟ್ಟೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ

ಉತ್ತರ: ಇದು ಬಹುಮಟ್ಟಿಗೆ ಶೀಹಾನ್ ಸಿಂಡ್ರೋಮ್. ಬಸುರಿಯಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಊದಿಕೊಂಡಿರುತ್ತದೆ; ಹೆರಿಗೆಯಲ್ಲಿ ರಕ್ತ ಹೋಗಿ ಬಿಪಿ ಕುಸಿದರೆ ಅದರ ಮುಂಭಾಗ ಸತ್ತುಹೋಗಬಹುದು. ಹಾಲು ಬಾರದಿದ್ದಾಗಲೇ ಇದನ್ನು ಹುಡುಕಬೇಕಿತ್ತು.

ಬೇರೆ ಗ್ರಂಥಿಗಳಿಗೆ ಆಜ್ಞೆ ಕೊಡುವ ಈ ಗ್ರಂಥಿ ಕೆಟ್ಟರೆ ಥೈರಾಯ್ಡ್ ಜೊತೆಗೆ ಕಾರ್ಟಿಸಾಲ್ (ಕಾಯಿಲೆ, ಒತ್ತಡ ತಡೆದುಕೊಳ್ಳಲು ಬೇಕಾದ ಹಾರ್ಮೋನ್) ಕೂಡ ಕುಸಿಯುತ್ತದೆ. ಥೈರಾಕ್ಸಿನ್ (ನಿಮಗೆ ಕೊಟ್ಟ ಥೈರಾಯ್ಡ್ ಮಾತ್ರೆ) ಕೊಟ್ಟಾಗ ದೇಹ ಉಳಿದ ಅಲ್ಪಸ್ವಲ್ಪ ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡುತ್ತದೆ. ನಿಮ್ಮ ವಾಂತಿಗೆ ಇದೇ ಕಾರಣವಿರಬಹುದು. ಹಾಗಾಗಿ ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಕ್ಸಿನ್. ನೀವಾಗಿ ಆ ಮಾತ್ರೆ ಮತ್ತೆ ಶುರು ಮಾಡಬೇಡಿ.

ಈ ವಾರವೇ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಿ, ಹೆರಿಗೆಯ ಡಿಸ್ಚಾರ್ಜ್ ಚೀಟಿ ತೋರಿಸಿ. ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್, ಫ್ರೀ ಟಿ4, ಸೋಡಿಯಂ, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಪಿಟ್ಯುಟರಿ ಎಂಆರ್‌ಐ ಬೇಕು. ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಖಚಿತವೆನ್ನಬಹುದು. ವಾಂತಿ ಇನ್ನೂ ಇದ್ದರೆ ವಾರ ಕಾಯಬೇಡಿ, ಇಂದೇ ತುರ್ತು ಚಿಕಿತ್ಸೆಗೆ ಹೋಗಿ.

ಕೊರತೆ ಖಚಿತವಾದರೆ ಸಾಮಾನ್ಯವಾಗಿ ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್‌ನದೇ ಮಾತ್ರೆ) ದಿನಕ್ಕೆ 15–20 ಮಿಲಿಗ್ರಾಂ: ಎದ್ದ ಕೂಡಲೇ 10, ಮಧ್ಯಾಹ್ನ 5, ಬೇಕಾದರೆ ಸಂಜೆಯೊಳಗೆ ಇನ್ನಷ್ಟು. ರಾತ್ರಿ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ‘ಸ್ಟೀರಾಯ್ಡ್ ಅಲ್ವಾ’ ಎಂದು ನೆಂಟರು ಹೆದರಿಸುತ್ತಾರೆ. ದೇಹ ತಾನೇ ತಯಾರಿಸಬೇಕಿದ್ದಷ್ಟನ್ನೇ ನೀವು ಹಾಕಿಕೊಳ್ಳುತ್ತಿರುವುದು, ದಯವಿಟ್ಟು ಒಂದು ದಿನವೂ ಬಿಡಬೇಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಡೋಸ್ ದುಪ್ಪಟ್ಟು, 39 ದಾಟಿದರೆ ಮೂರು ಪಟ್ಟು. ಮಾತ್ರೆ ವಾಂತಿಯಾಗಿ ಹೋಗುತ್ತಿದ್ದರೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ತಕ್ಷಣ ಬೇಕು. ಅದರ ಒಂದು ವಯಲ್ (ಔಷಧದ ಸಣ್ಣ ಸೀಸೆ) ಮನೆಯಲ್ಲಿರಲಿ, ಕೊಡುವುದನ್ನು ಮನೆಯವರೊಬ್ಬರು ನರ್ಸ್ ಹತ್ತಿರ ಕಲಿಯಲಿ. ಕಾಯಿಲೆಯ ಹೆಸರು, ಡೋಸ್ ಬರೆದ ಚೀಟಿ ಪರ್ಸ್‌ನಲ್ಲಿರಲಿ. ಹಲ್ಲು ಕೀಳಿಸುವ ಮುಂಚೆಯೂ ಅದನ್ನು ತೋರಿಸಿ.

ಕಾರ್ಟಿಸಾಲ್ ಕೊರತೆ ಹಿಡಿತಕ್ಕೆ ಬಂದ ಮೇಲೆ ಥೈರಾಕ್ಸಿನ್. ಆಗ ಟಿಎಸ್‌ಎಚ್ ನೋಡಿ ಪ್ರಯೋಜನವಿಲ್ಲ, ಅದನ್ನು ಸ್ರವಿಸುವ ಗ್ರಂಥಿಯೇ ಕೆಟ್ಟಿದೆ. ‘ಟಿಎಸ್‌ಎಚ್ ಕಡಿಮೆ’ ಎಂದು ಯಾರಾದರೂ ಡೋಸ್ ಇಳಿಸಲು ಬಂದರೆ ಫ್ರೀ ಟಿ4 ನೋಡಿ ಎನ್ನಿ. ಮೂಳೆ ಸವೆಯದಂತೆ ಈಸ್ಟ್ರೊಜನ್, ಪ್ರೊಜೆಸ್ಟರಾನ್ (ಹೆಣ್ಣಿನ ಹಾರ್ಮೋನ್‌ಗಳು) ಸುಮಾರು 50 ವರ್ಷದವರೆಗೆ ಬೇಕಾಗುತ್ತದೆ. ಅದರಿಂದ ಮುಟ್ಟೂ ಬರುತ್ತದೆ. ಮತ್ತೆ ಮಗು ಬೇಕೆನಿಸಿದರೆ ಅಂಡಾಣು ಬೆಳೆಸುವ ಇಂಜೆಕ್ಷನ್ ಚಿಕಿತ್ಸೆಯಿಂದ ಅದೂ ಸಾಧ್ಯ.